ಯೂನುಮಿಯಾನ ಆಣೆ

ನವಿಲುತೀರ್ಥದ ಡ್ಯಾಮು ಕಣ್ಣೆದುರಿಗೇ ಇದ್ದಂತಿದೆ, ಆದರೆ ಸವದತ್ತಿಯ ಕೋಟೆ ಕೆಳಗಿನ ಓಣಿಗೆ ಕುಡಿಯುವ ನೀರಿಗೆ ಬರ. ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ಹಾಗೆ. ತೊಂಬತ್ತೆಂಟರ ಬೇಸಿಗೆಯಲ್ಲಿ ಆ ಓಣಿಗೆಲ್ಲ ಇದ್ದದ್ದು ಒಂದೇ ನಳ. ನೀರು ಬಿಡುವ ಪರಸಪ್ಪ ಬಂದು ಚಾವಿ ತಿರುವಿದ ದಿನವೇ ಹಬ್ಬ. ಅವನು ಯಾವಾಗ ತಿರುವುತ್ತಾನೆ ಅನ್ನುವುದು ಓಣಿಗೆ ಹೋಗಲಿ, ಅವನಿಗೇ ಗೊತ್ತಿರುತ್ತಿರಲಿಲ್ಲ. ನಳ ಒಮ್ಮೆ ಸುಂಯ್ ಅಂದಿತೆಂದರೆ ಹೆಂಗಸರು ಹಂಚಿನ ಮೇಲಿನ ರೊಟ್ಟಿಯನ್ನು ಅಲ್ಲೇ ಬಿಟ್ಟು ಕೊಡ ಹಿಡಿದು ಓಡಬೇಕು. ಮುಂದೆ ನುಗ್ಗಿದವಳೇ ಗೆದ್ದಳು. ಮೊಣಕೈ ಗಟ್ಟಿ ಇದ್ದವಳ ಮನೆಯಲ್ಲಿ ನೀರು, ಇಲ್ಲದವಳ ಮನೆಯಲ್ಲಿ ಬೈಗುಳ.

ಖತಿಜಾಬಿಯ ಮೊಣಕೈ ಗಟ್ಟಿಯಿತ್ತು, ಬಾಯಿ ಅದಕ್ಕಿಂತ ಗಟ್ಟಿಯಿತ್ತು. ಇರಲೇಬೇಕು ಬಿಡಿ. ಗಂಡ ಬುರಾನಸಾಬ ಒಂದು ಕಾಲಕ್ಕೆ ಟಾಂಗಾ ಹೊಡೆಯುತ್ತಿದ್ದವನು, ಈಗ ಮೊಣಕಾಲು ಹಿಡಿದುಕೊಂಡು ಕಟ್ಟೆಯ ಮೇಲೆ ಕೂತಿದ್ದ. ಮಗ ನಾಸಿರ ಲಾರಿ ಡ್ರೈವರು. ಬೈಲಹೊಂಗಲದಿಂದ ಹತ್ತಿ ಹೇರಿಕೊಂಡು ಹೊರಟನೆಂದರೆ ವಾರಗಟ್ಟಲೆ ಅವನ ಮುಖ ಕಾಣುತ್ತಿರಲಿಲ್ಲ. ಮನೆಗೆ ನೀರು ಬರಬೇಕಾದರೆ ಖತಿಜಾಬಿಯೇ ತರಬೇಕು. "ನಾಚಿಕಿ ಪಟ್ಟರ ನೀರ ಸಿಗಂಗಿಲ್ಲ" ಅನ್ನುವುದು ಅವಳ ಮಾತು. ಅವಳು ಬಂದಳೆಂದರೆ ನಳದ ಕಟ್ಟೆಯ ಮೇಲಿದ್ದ ಅರ್ಧ ಹೆಂಗಸರು ತಾವಾಗಿಯೇ ಸರಿಯುತ್ತಿದ್ದರು.

ಅವಳಿಗೆ ಎದುರು ನಿಲ್ಲಬಲ್ಲವಳು ಒಬ್ಬಳೇ, ಎದುರುಮನೆಯ ಗುರವ್ವ. ಗುರವ್ವ ಹೊಲಮನೆ ಉಳ್ಳವಳು, ಗಂಡ ತೀರಿಕೊಂಡ ಮೇಲೆ ಒಕ್ಕಲುತನವನ್ನೂ ಮಕ್ಕಳನ್ನೂ ಒಬ್ಬಳೇ ತೂಗಿಸಿದವಳು, ಮಾತು ಕಡಿಮೆ. ನಳದ ಹತ್ತಿರ ಇಬ್ಬರೂ ಕೋಳಿಯಂತೆ ಕಾದಾಡಿ, ಮನೆಗೆ ಬಂದು ಕೊಡ ಇಳಿಸಿ, ಒಂದೇ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ರಂಜಾನಿಗೆ ಶಾವಿಗೆ, ಖರ್ಜೂರ ಆ ಮನೆಯಿಂದ ಈ ಮನೆಗೆ. ಪಂಚಮಿಗೆ ಉಂಡಿ ಈ ಮನೆಯಿಂದ ಆ ಮನೆಗೆ. ನಾಸಿರ ಅಂಬೆಗಾಲಿಟ್ಟದ್ದು ಗುರವ್ವನ ಪಡಸಾಲೆಯಲ್ಲಿ. ನೀರಿನ ಜಗಳವನ್ನು ಇಬ್ಬರೂ ಮನೆಯೊಳಗೆ ತಂದವರಲ್ಲ.

ತಂದದ್ದು ಆ ಒಂದು ದಿನ.

ಖತಿಜಾಬಿಯ ಸೊಸೆ ಜೀನತ್ ಕಿತ್ತೂರಿನವಳು. ಮದುವೆಯಾದ ಮೇಲೆ ಎರಡು ಸಲ ಬಸುರಾಗಿ ಎರಡು ಸಲವೂ ನಿಂತಿರಲಿಲ್ಲ. ಈ ಸಲ ಏಳು ತಿಂಗಳು ತುಂಬಿದ್ದವು. ಹೊಟ್ಟೆ ಕಾಣತೊಡಗಿದಾಗಿನಿಂದ ಖತಿಜಾಬಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಆದರೆ ಹುಡುಗಿ ಸುಮ್ಮನೆ ಕೂಡುವವಳಲ್ಲ. ಅತ್ತೆಗೆ ಕೈ ಜೋಡಿಸೋಣವೆಂದು ಸಣ್ಣ ಬಿಂದಿಗೆ ಹಿಡಿದು ನಳಕ್ಕೆ ಬಂದಳು. ನೀರು ನಿಲ್ಲುವ ಹೊತ್ತು, ಎಲ್ಲರಿಗೂ ಅವಸರ. ಯಾರು ನೂಕಿದರೋ, ಯಾರ ಕೊಡ ತಾಗಿತೋ, ಜೀನತ್ ಕಟ್ಟೆಯ ಮೇಲಿಂದ ಜಾರಿ ಹಾಸುಗಲ್ಲಿನ ಮೇಲೆ ಬಿದ್ದಳು. ಖತಿಜಾಬಿ ತಿರುಗಿ ನೋಡಿದಾಗ ಕಣ್ಣಿಗೆ ಬಿದ್ದದ್ದು ಎರಡೇ: ನೆಲದ ಮೇಲೆ ಸೊಸೆ, ಅವಳ ಕಡೆಗೆ ಚಾಚಿದ ಗುರವ್ವನ ಕೈ.

"ನನ್ನ ಮನಿ ದೀಪಾ ಆರಿಸಾಕ ಬಂದ್ಯಾ?" ಎಂದು ಖತಿಜಾಬಿ ಕಿರುಚಿದಳು. ಆಮೇಲೆ ಆಡಿದ ಮಾತು ಬರೆಯುವಂಥದ್ದಲ್ಲ. ಗುರವ್ವ ತನ್ನ ತಾಮ್ರದ ಕೊಡವನ್ನು ನಳದ ಕೆಳಗೇ ಬಿಟ್ಟು ಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ದವಾಖಾನೆಯ ಡಾಕ್ಟರು ನೋಡಿ, ಕೂಸಿನ ಉಸಿರು ಇದೆ, ಆದರೆ ಹೆರಿಗೆಯಾಗುವ ತನಕ ಹುಡುಗಿ ಹಾಸಿಗೆ ಬಿಟ್ಟು ಏಳಬಾರದು, ಉಳಿದದ್ದು ದೇವರ ಕೈಯಲ್ಲಿ ಅಂದರು. ಡಾಕ್ಟರು ದೇವರ ಹೆಸರು ತೆಗೆದರೆಂದರೆ ಎದೆ ಝಲ್ಲೆನ್ನುತ್ತದೆ. ಅವತ್ತಿನಿಂದ ಎದುರುಮನೆಯೊಂದಿಗೆ ಮಾತು ನಿಂತಿತು. ಕಟ್ಟೆಯ ಮೇಲೆ ಎಲೆ ಅಡಿಕೆ ನಿಂತಿತು. ಬುರಾನಸಾಬ ಒಮ್ಮೆ ಮೆಲ್ಲಗೆ, "ಆಕಿ ಬೇಕಂತ ಮಾಡ್ಯಾಳೇನ?" ಅಂದದ್ದಕ್ಕೆ, "ನೀವೊಬ್ರು ಬಾಕಿ ಇದ್ರಿ ನೋಡ್ರಿ ಆಕಿ ಪರ ವಕೀಲಕಿ ಮಾಡಾಕ" ಎಂದು ಹಾಯ್ದಳು. ಪಾಪ, ಅವನು ಮತ್ತೆ ಆ ಸುದ್ದಿಗೆ ಹೋಗಲಿಲ್ಲ.

ಇಷ್ಟರಲ್ಲಿ ಗುರವ್ವನ ಕಿರಿಯ ಮಗಳು ಸಪ್ನಾಳಿಗೆ ಬಿ.ಎ. ಪರೀಕ್ಷೆ ಹತ್ತಿರ ಬಂತು. ಆ ಹುಡುಗಿಗೆ ಕೂತು ಓದಿದರೆ ತಲೆಗೆ ಹತ್ತುವುದಿಲ್ಲ. ಪುಸ್ತಕ ಹಿಡಿದು ಅಂಗಳದ ಈ ತುದಿಯಿಂದ ಆ ತುದಿಗೆ ಅಡ್ಡಾಡುತ್ತ, ಊರಿಗೆಲ್ಲ ಕೇಳುವಂತೆ ಒದರುತ್ತ ಬಾಯಿಪಾಠ ಮಾಡಬೇಕು. ಓದುತ್ತಿದ್ದದ್ದು ಹಳೆಯ ಗ್ರೀಕರ ಸುದ್ದಿ. ಅವರಲ್ಲಿ ಯುನೋಮಿಯಾ ಅಂತ ಒಬ್ಬ ಸಣ್ಣ ದೇವತೆ. ದೊಡ್ಡ ದೇವರೊಬ್ಬ ಸಿಡಿಲು ಹಿಡಿದ, ಇನ್ನೊಬ್ಬ ಸಮುದ್ರ ಹಿಡಿದ, ಇವಳ ಪಾಲಿಗೆ ಬಂದದ್ದು ಕಟ್ಟಳೆ, ಸುವ್ಯವಸ್ಥೆ. ಸೋದರಿಯರು ಇಬ್ಬರು, ಒಬ್ಬಳು ನ್ಯಾಯ, ಒಬ್ಬಳು ಶಾಂತಿ. ವಸಂತದ ಹಸಿರು, ಹುಲ್ಲುಗಾವಲು ಕೂಡ ಇವಳ ಸುಪರ್ದಿಗೇ ಸೇರಿದ್ದು. ಯುದ್ಧ ಮಾಡಿದ ಕಥೆ ಇಲ್ಲ, ಯಾರನ್ನೂ ಸುಟ್ಟು ಬೂದಿ ಮಾಡಿದ ಕಥೆಯೂ ಇಲ್ಲ. ಹಾಗಾಗಿ ಪರೀಕ್ಷೆಯಲ್ಲಿ ಸಣ್ಣ ಪ್ರಶ್ನೆಗಷ್ಟೇ ಬರುತ್ತಿದ್ದಳು.

ಸಪ್ನಾ ಈ ಕಡೆ ಬಂದಾಗ ಓದಿದ್ದು ಖತಿಜಾಬಿಯ ಮನೆಗೆ ಕೇಳುತ್ತಿತ್ತು, ತಿರುಗಿ ಆ ಕಡೆ ಹೋದಾಗ ಮಿಕ್ಕ ಅರ್ಧ ದನದ ಕೊಟ್ಟಿಗೆಗೆ. ಎಲ್ಲ ಎಡವಟ್ಟಾದದ್ದು ಅಲ್ಲೇ. ಗ್ರೀಕರು, ದೇವತೆ, ಸೋದರಿಯರು, ಅವೆಲ್ಲ ಎಮ್ಮೆಗಳ ಪಾಲಾದವು. ಸೊಸೆಯ ತಲೆದೆಸೆಯಲ್ಲಿ ಬೀಸಣಿಗೆ ಹಿಡಿದು ಕೂತಿದ್ದ ಖತಿಜಾಬಿಯ ಕಿವಿಗೆ ಬಿದ್ದದ್ದು ಇಷ್ಟು:

"ಯುನೋಮಿಯಾ... ಇದ್ದಲ್ಲಿ ಬಲವಿದ್ದವರು ಬಲವಿಲ್ಲದವರನ್ನು ನೂಕುವುದಿಲ್ಲ..."

ಸ್ವಲ್ಪ ಹೊತ್ತು ಬಿಟ್ಟು: "ಯುನೋಮಿಯಾ... ಅವರವರ ಪಾಲು ಅವರವರಿಗೆ..."

ಮತ್ತೆ: "ಯುನೋಮಿಯಾ... ಹಸಿರು... ಎಳೆಯ ಚಿಗುರನ್ನು ಕಾಯುವ..."

ಖತಿಜಾಬಿಯ ಕೈಯಲ್ಲಿನ ಬೀಸಣಿಗೆ ನಿಂತಿತು. ಯೂನುಮಿಯಾ! ಯಾವ ದೊಡ್ಡ ವಲಿ, ಯಾವ ಸಂತರು ಇವರು, ಇಷ್ಟು ದಿನ ತನ್ನ ಕಿವಿಗೆ ಬೀಳದವರು? ಕಾಲೇಜಿನ ಪುಸ್ತಕದಲ್ಲಿ ಹೆಸರು ಬಂದಿದೆಯೆಂದರೆ ಸಾಮಾನ್ಯರಲ್ಲ. ಇವರಿದ್ದಲ್ಲಿ ಯಾರೂ ಯಾರನ್ನೂ ನೂಕುವುದಿಲ್ಲವಂತೆ. ಹಸಿರು ಇವರದಂತೆ. ಎಳೆಯ ಚಿಗುರನ್ನು ಕಾಯುತ್ತಾರಂತೆ. ನೂಕಿಸಿಕೊಂಡು ಬಿದ್ದ ಬಸುರಿಯ ಪಕ್ಕದಲ್ಲಿ ಕೂತವಳಿಗೆ ಇನ್ನೇನು ಬೇಕು? ಕಣ್ಣ ಮುಂದೆ ಹಸಿರು ರುಮಾಲು, ಎದೆಯ ತನಕ ಬಿಳಿ ಗಡ್ಡ ಬಂದು ನಿಂತೇಬಿಟ್ಟವು. ದರ್ಗಾ ಎಲ್ಲಿ ಎಂದು ಕೇಳೋಣವೆಂದರೆ ಎದುರುಮನೆಯೊಂದಿಗೆ ಮಾತಿಲ್ಲ. ಇರಲಿ, ವಲಿಗಳು ಎಲ್ಲಿದ್ದರೂ ಕೇಳಿಸಿಕೊಳ್ಳುತ್ತಾರೆ.

ಸೆರಗನ್ನು ತಲೆಯ ಮೇಲೆಳೆದುಕೊಂಡು ಅಂಗೈ ಚಾಚಿದಳು. "ಯೂನುಮಿಯಾ ಬಾಬಾ, ನೀವು ನೂಕಾಟ ಸೇರದವರು ಅಂತ ಕೇಳೇನಿ. ನಾ ಜಲ್ಮಾಪೂರ್ತಿ ನೂಕಿದಾಕಿ. ಈ ಕೂಸು ಹುಟ್ಟೂ ತನಕಾ ಆ ನಳದಾಗ ನಾ ಯಾರನ್ನೂ ನೂಕಂಗಿಲ್ಲ, ಯಾರನ್ನೂ ನೂಕಾಕ ಬಿಡಂಗಿಲ್ಲ. ಪಾಳಿ ಮುರದ್ರ ನನ್ನ ಹರಕಿ ಮುರದಂಗ. ನೀವು ಅಲ್ಲಾನ ಮುಂದ ನನ್ನ ಸೊಸಿ ಸಲುವಾಗಿ ಒಂದ ಮಾತ ಹೇಳ್ರಿ."

ಹರಕೆಯೇನೋ ಹೊತ್ತಳು. ಕುರಿಯನ್ನೋ ಚಾದರವನ್ನೋ ಬೇಡಿಕೊಂಡಿದ್ದರೆ ಹಗುರಾಗುತ್ತಿತ್ತು. ಸವದತ್ತಿಯ ನಳದಲ್ಲಿ ಪಾಳಿ ನಿಲ್ಲಿಸುವುದೆಂದರೆ ಗಾಳಿಗೆ ಗಂಟು ಹಾಕಿದಂತೆ. ಆದರೆ ಮಾತು ಕೊಟ್ಟಾಗಿತ್ತು, ಮತ್ತು ಆ ಮಾತಿನ ಇನ್ನೊಂದು ತುದಿಗೆ ಕೂಸಿನ ಜೀವ ಕಟ್ಟಿದೆಯೆಂದು ಅವಳಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಮುಂದಿನ ಸಲ ನಳ ಸುಂಯ್ ಅಂದಾಗ ಖತಿಜಾಬಿ ಎಲ್ಲರಿಗಿಂತ ಮೊದಲು ಹೋದಳು, ಹೋಗಿ ಎಲ್ಲರಿಗಿಂತ ಹಿಂದೆ ನಿಂತಳು. ಹೆಂಗಸರು ಕೊಡ ಹಿಡಿದುಕೊಂಡೇ ಕಣ್ಣು ಪಿಳಿಪಿಳಿ ಬಿಟ್ಟರು. ಇವಳಿಗೆ ಸೊಸೆಯ ಚಿಂತೆಯಲ್ಲಿ ತಲೆ ಕೆಟ್ಟಿತೋ ಹೇಗೆ?

"ಕೊಡಾ ಸಾಲಾಗಿ ಇಡ್ರಿ" ಎಂದಳು ಖತಿಜಾಬಿ. "ಕೊಡ ನಿಂತರ ಮನಿಶ್ಯಾ ನಿಂತಂಗ. ಮೊದಲ ಬಂದಾಕಿ ಮೊದಲ, ಹಿಂದ ಬಂದಾಕಿ ಹಿಂದ. ನೂಕಿದಾಕಿಗೆ ಯೂನುಮಿಯಾ ಬಾಬಾನ ಆಣಿ ಐತಿ."

"ಅವರ‍್ಯಾರವಾ?" ಎಂದಳು ಮುದಕವ್ವ. ಓಣಿಯಲ್ಲೆಲ್ಲ ಹಿರಿಯಳು, ಬೆನ್ನು ಬಾಗಿದವಳು, ನೂಕಾಟದಲ್ಲಿ ಒಂದು ದಿನವೂ ತುಂಬಿದ ಕೊಡ ಕಾಣದವಳು.

"ಗೊತ್ತಿಲ್ಲನು? ಭಾಳ ಕಡಕ್ ಅದಾರ. ಪಾಳಿ ಮುರದವರನ್ನ ಬಿಡಂಗಿಲ್ಲ."

ಈಗ ನಮ್ಮ ಜನರ ಸ್ವಭಾವ ನೋಡಿ. ಗೊತ್ತಿಲ್ಲ ಅಂದರೆ ಮರ್ಯಾದೆ ಹೋಗುತ್ತದೆ, ಗೊತ್ತಿಲ್ಲದ ಸತ್ಪುರುಷರನ್ನು ಎದುರು ಹಾಕಿಕೊಂಡರೆ ಜೀವವೇ ಹೋದೀತು. ದನ ಹೊಡೆದುಕೊಂಡು ಹೊರಟಿದ್ದ ದುಂಡಪ್ಪ ಅಲ್ಲೇ ನಿಂತು, "ಹೌದಹೌದು, ನಮ್ಮ ಮುತ್ಯಾ ಹೇಳತಿದ್ದ. ರಾಮದುರ್ಗದ ಹಾದ್ಯಾಗ ಅವರ ಗದ್ದಿಗಿ ಐತಿ" ಅಂದ. ಇನ್ನೊಬ್ಬಳು, "ಅಲ್ಲ, ದೇಗಾಂವದ ಹಂತ್ಯಾಕ. ನಮ್ಮ ಅತ್ತಿ ಹೋಗಿ ಬಂದಾರ" ಅಂದಳು. ಹೋಗಿ ಬಂದವರು ಯಾರೂ ಇರಲಿಲ್ಲವೆಂದು ಬೇರೆ ಹೇಳಬೇಕಿಲ್ಲ. ಕೊಡಗಳು ಮಾತ್ರ ಸಾಲಾಗಿ ನಿಂತವು.

ಆ ಸಾಲಿನಲ್ಲಿ ತಾಯಿಯ ಜೊತೆ ಸಪ್ನಾಳೂ ಇದ್ದಳು. ಹೆಸರು ಕೇಳಿದ್ದೇ ಪಕ್ಕನೆ ನಕ್ಕು, "ಅಯ್ಯ, ಅದು..." ಎಂದು ಬಾಯಿ ತೆರೆದಳು. ಗುರವ್ವ ಅವಳ ರಟ್ಟೆಯನ್ನು ಹಿಡಿದು ಚಿವುಟಿದ್ದನ್ನು ಖತಿಜಾಬಿ ಕಂಡಳು. ತಾಯಿ ಮಗಳು ಕೂಡಿ ತನ್ನನ್ನು ಆಡಿಕೊಳ್ಳುತ್ತಿದ್ದಾರೆ ಎಂದುಕೊಂಡಳು. ಆಡಿಕೊಳ್ಳಲಿ, ಹಲ್ಲಿದ್ದವರು ನಗುತ್ತಾರೆ. ಪಾಳಿ ನಿಂತರೆ ಸಾಕು.

ನಿಂತಿತು ಕೂಡ. ಮೊದಮೊದಲು ಗುಸುಗುಸು, ಕೊಸರಾಟ. ಆದರೆ ಪಾಳಿಯಲ್ಲಿ ನಿಂತರೆ ಎಲ್ಲರ ಕೊಡವೂ ತುಂಬುತ್ತದೆ, ಬರೇ ಚೆಲ್ಲಿ ಹೋಗುತ್ತಿದ್ದ ನೀರೇ ಇನ್ನೊಂದು ಮನೆಗಾಗುತ್ತದೆ ಎಂಬುದು ಕಣ್ಣಿಗೆ ಕಂಡಿತು. ಜನ್ಮದಲ್ಲಿ ಮೊದಲ ಬಾರಿ ತುಂಬಿದ ಕೊಡ ಹೊತ್ತ ಮುದಕವ್ವ, "ಮೊದಲನೇ ಕೊಡಾ ಆ ಅಜ್ಜಂದು. ಅಜ್ಜಗ ನೀರ ಬ್ಯಾಡ, ಅಜ್ಜನ ಹೆಸರಲೆ ಬಸುರಿ ಮನಿಗೆ ಹೋಗಲಿ" ಎಂದು ತೀರ್ಪು ಕೊಟ್ಟಳು. ಅವತ್ತಿನಿಂದ ನೀರು ಬಂದ ದಿನ ಮೊದಲ ಕೊಡ ಖತಿಜಾಬಿಯ ಹೊಸ್ತಿಲಿಗೆ ಬಂದು ಕೂಡತೊಡಗಿತು. ಆ ನೀರಿನಲ್ಲಿ ಜೀನತ್‌ಳ ಮುಖ ತೊಳೆಸುತ್ತಿದ್ದಳು ಖತಿಜಾಬಿ. ಇಷ್ಟು ವರ್ಷ ತಾನು ನುಗ್ಗಿ ತಂದ ನೀರಿಗೆ ಯಾರಿಗೂ ಶುಕ್ರಿಯಾ ಹೇಳಬೇಕಾಗಿರಲಿಲ್ಲ. ಈಗ ಒಂದೊಂದು ಚೆಂಬಿಗೂ ಹೇಳಬೇಕೆನ್ನಿಸುತ್ತಿತ್ತು, ಹೇಳಿದಷ್ಟೂ ಎದೆ ಹಗುರಾಗುತ್ತಿತ್ತು. ಓಣಿಯ ಒಬ್ಬೊಬ್ಬರ ಹೆಸರು ಹಿಡಿದು ದುವಾ ಮಾಡುವಳು. ಗುರವ್ವನ ಹೆಸರು ಬಂದಾಗ ಮಾತ್ರ ನಾಲಿಗೆ ತೊಡರುತ್ತಿತ್ತು.

ಆದರೂ ನೀರಿನ ದಿನ ಬಂತೆಂದರೆ ಭಯ. ಯಾರ ಮೊಣಕೈ ಯಾರಿಗೆ ತಾಗೀತೋ, ಯಾರ ಕಾಲು ಒಂದು ಹೆಜ್ಜೆ ಮುಂದೆ ಬಂದೀತೋ ಎಂದು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನಿಲ್ಲುತ್ತಿದ್ದಳು. ಒಂದು ನೂಕು ಸಾಕು, ಕೂಸು ಕೈಬಿಟ್ಟಂತೆ. ಹಾಗೆಂದು ಅವಳ ನಂಬಿಕೆ.

ನೋವು ಬಂದದ್ದು ಇನ್ನೂ ದಿನ ತುಂಬದಿರುವಾಗಲೇ, ಅದೂ ನೀರು ಬಿಡುವ ದಿನ ಮುಂಜಾನೆ. ನಾಸಿರ ಊರಲ್ಲಿಲ್ಲ. ಬುರಾನಸಾಬ ಕೋಲು ಊರುತ್ತ ಹೋಗಿ ನರ್ಸಬಾಯಿಯನ್ನು ಕರೆತಂದ. ಅವಳು ಹೊಟ್ಟೆ ಮುಟ್ಟಿ ನೋಡಿ, "ದವಾಖಾನಿಗೆ ಒಯ್ಯಾಕ ಈಗ ಹೊತ್ತಿಲ್ಲ, ಇಲ್ಲೇ ಆಗತೈತಿ. ಲಗೂನ ನೀರ ಕಾಸ್ರಿ, ಭಾಳ ಬೇಕು" ಅಂದಳು. ಖತಿಜಾಬಿ ಹಂಡೆಯ ಮುಚ್ಚಳ ತೆಗೆದಳು. ತಳದಲ್ಲಿ ಒಂದು ತಂಬಿಗೆಯಷ್ಟು.

ಅದೇ ಹೊತ್ತಿಗೆ ಹೊರಗೆ ಪರಸಪ್ಪ ಓಣಿ ತುಂಬ ಸಾರುತ್ತ ಹೋದ. "ದೊಡ್ಡ ಪೈಪ ಒಡದೈತ್ರೋ. ಟಾಕ್ಯಾಗ ಇದ್ದಷ್ಟ ನೀರು. ಇವತ್ತ ತುಂಬಿದವರಿಗೆ ತುಂಬಿತು, ಮುಂದ ವಾರಗಟ್ಟಲೆ ನಾ ಹೇಳಾಂವಲ್ಲ!"

ಇಂಥ ಸುದ್ದಿ ಕೇಳಿದ ಮೇಲೆ ಪಾಳಿಯೆಲ್ಲಿ ಉಳಿಯುತ್ತದೆ? ಜೀನತ್ ಅತ್ತೆಯ ಕೈಯನ್ನು ಬಿಡಲೊಲ್ಲಳು, "ಅಮ್ಮಾ, ಹೋಗಬ್ಯಾಡ್ರಿ" ಎಂದು ಉಗುರು ಊರಿದ್ದಳು. ಖತಿಜಾಬಿ ಕೂತಲ್ಲೇ ಕಿವಿಯನ್ನು ನಳದ ಕಡೆಗೆ ಇಟ್ಟಳು. ಕೊಡಗಳು ಖಣಖಣ ಅಂದವು. "ಸರೀಯವಾ!" "ಏ, ನಂದು ಮೊದಲಿತ್ತು!" "ಮನ್ಯಾಗ ಹನಿ ನೀರಿಲ್ಲ, ಬಿಡ್ರಿ ನನ್ನ!" ಗದ್ದಲ ಏರತೊಡಗಿತು. ಪಾಳಿ ಮುರಿಯಿತು. ಇಷ್ಟು ದಿನ ಕಾದದ್ದು ಇವತ್ತೇ, ಈ ಗಳಿಗೆಯಲ್ಲೇ ಮುರಿಯಿತು. ಯಾ ಅಲ್ಲಾ, ಜನ ಮಾಡಿದ ತಪ್ಪಿಗೆ ಕೂಸನ್ನು ಒಯ್ಯಬೇಡ ಎಂದು ಬಾಯಿ ಒಣಗುವಂತೆ ಅಂದುಕೊಂಡಳು. ಕೊನೆಗೆ ತಡೆಯಲಾರದೆ ಕೈ ಬಿಡಿಸಿಕೊಂಡು ಬಾಗಿಲಿಗೆ ಓಡಿದಳು.

ನಳದ ಕಟ್ಟೆಯ ಮೇಲೆ ಗುರವ್ವ ನಿಂತಿದ್ದಳು. ಸೆರಗು ಸೊಂಟಕ್ಕೆ ಬಿಗಿದು, ಎರಡೂ ಕೈ ಅಗಲಿಸಿ, ಆ ಮಾತು ಕಡಿಮೆಯ ಹೆಂಗಸು ಓಣಿ ಹಾರಿಹೋಗುವಂತೆ ಕೂಗುತ್ತಿದ್ದಳು.

"ಯೂನುಮಿಯಾ ಅಜ್ಜನ ಆಣಿ ಐತಿ! ಒಬ್ಬಾಕಿ ಹೆಜ್ಜಿ ಮುಂದಿಟ್ರೂ ನನ್ನ ಮ್ಯಾಲೆ ಹಾದು ಹೋಗಬೇಕು! ಆ ಮನ್ಯಾಗ ಹುಡುಗಿ ಬ್ಯಾನಿ ತಿನ್ನಾಕತ್ತಾಳ, ನಿಮ್ಮ ಕಣ್ಣಿಗೆ ಬರೇ ಕೊಡಾ ಕಾಣತಾವನು? ಮೊದಲನೇ ಕೊಡಾ ಆ ಮನಿಗೆ. ಎರಡನೇದೂ ಆ ಮನಿಗೆ. ಸಾಕು ಅನ್ನೂ ತನಕಾ ಆ ಮನಿಗೆ. ಆಮ್ಯಾಲೆ ಪಾಳಿ!"

ಮುದಕವ್ವ ಮೊದಲು ಹಿಂದೆ ಸರಿದಳು, ಅವಳ ಹಿಂದೆ ಉಳಿದವರು. ನಳದಿಂದ ಖತಿಜಾಬಿಯ ಹೊಸ್ತಿಲ ತನಕ ಹೆಂಗಸರೆಲ್ಲ ಸಾಲಾಗಿ ನಿಂತು ತುಂಬಿದ ಕೊಡಗಳನ್ನು ಕೈಯಿಂದ ಕೈಗೆ ದಾಟಿಸತೊಡಗಿದರು. ಒಂದು ಹನಿ ಚೆಲ್ಲಲಿಲ್ಲ. ಬುರಾನಸಾಬ ಮೊಣಕಾಲು ಮರೆತು ಒಲೆಗೆ ಕಟ್ಟಿಗೆ ತುರುಕಿದ. ಖತಿಜಾಬಿ ಹೊಸ್ತಿಲ ಮೇಲೆ ಕೊಡ ಇಸಿದುಕೊಳ್ಳುತ್ತಿದ್ದರೆ ಕಣ್ಣೀರಿಗೆ ಎದುರಿನವರ ಮುಖ ಕಾಣುತ್ತಿರಲಿಲ್ಲ. ಯಾರಿಗೆ ಏನು ಹೇಳುವುದು? ಕೊಡ ಕೊಟ್ಟ ಪ್ರತಿ ಕೈಗೂ, "ನಿಮ್ಮ ಹೊಟ್ಟಿ ತಣ್ಣಗಿರಲಿ, ನಿಮ್ಮ ಹೊಟ್ಟಿ ತಣ್ಣಗಿರಲಿ" ಅನ್ನುತ್ತಲೇ ಇದ್ದಳು.

ಹಂಡೆಯ ನೀರು ಕುದಿ ಬಂದಿತ್ತು. ಬಿಸಿಲು ಇನ್ನೂ ಅಂಗಳಕ್ಕೆ ಇಳಿದಿರಲಿಲ್ಲ, ಒಳಗಿನಿಂದ ಕೂಸಿನ ಅಳು ಕೇಳಿಸಿತು.

ಹೆಣ್ಣುಕೂಸು. ಸಣ್ಣದು, ಆದರೆ ಅಳು ಅಜ್ಜಿಯದೇ. "ತಾಯಿ ಮಗಳು ಇಬ್ಬರೂ ಆರಾಮ ಅದಾರ" ಎಂದು ನರ್ಸಬಾಯಿ ಅಂದ ಮೇಲೆ ಬುರಾನಸಾಬ ಕೂಸಿನ ಕಿವಿಯಲ್ಲಿ ಆಜಾನ್ ಹೇಳಿದ. ಖತಿಜಾಬಿ ಮೊದಲು ದೇವರಿಗೆ ತಲೆಬಾಗಿದಳು, ಆಮೇಲೆ ಎದ್ದು ನೆಟ್ಟಗೆ ಎದುರುಮನೆಗೆ ಹೋದಳು. ಗುರವ್ವ ಕಟ್ಟೆಯ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಅವಳ ತಾಮ್ರದ ಕೊಡ ಬಾಯಿ ಒಣಗಿಸಿಕೊಂಡು ಕೂತಿತ್ತು.

"ನಿನ್ನ ಕೊಡಾ ಖಾಲಿ ಐತಲ್ಲ, ಗುರವ್ವಕ್ಕಾ?"

"ನನ್ನ ಪಾಳಿ ಬರೂದ್ರಾಗ ನೀರ ನಿಂತು. ಇರಲಿ ಬಿಡು. ಏನಾತು ಹೇಳು."

"ಹೆಣ್ಣು."

ಗುರವ್ವ ಎರಡೂ ಕೈಯಿಂದ ದೃಷ್ಟಿ ನಿವಾಳಿಸಿ ನೆಟಿಗೆ ಮುರಿದಳು. ಖತಿಜಾಬಿ ಅವಳ ಕೈಹಿಡಿದು ಎಬ್ಬಿಸಿ, ಬಾಯಿಮಾತಿಗೂ ಅವಕಾಶ ಕೊಡದೆ ತನ್ನ ಮನೆಗೆ ಕರೆತಂದಳು. ಹಿಂದೆ ಸಪ್ನಾ.

ಕೂಸನ್ನು ನೋಡಿಯಾದ ಮೇಲೆ ಖತಿಜಾಬಿ ಕೇಳಿದಳು. "ನೀ ಆ ಬಾಬಾನ ಆಣಿ ಹಾಕಿದಿ. ಅಂದ್ರ ನಿನಗ ಗೊತ್ತೈತಿ. ಅವರ ದರ್ಗಾ ಎಲ್ಲೈತಿ ಹೇಳಬೇ. ರಾಮದುರ್ಗನ ಇರಲಿ, ಬೊಂಬಾಯಿನ ಇರಲಿ, ಬರಿಗಾಲಲೆ ಹೋಗತೇನಿ."

ಗುರವ್ವ ಮಗಳ ಮುಖ ನೋಡಿದಳು. ಸಪ್ನಾ ಹತ್ತಿರ ಸರಿದಳು. "ಚಾಚಿ, ಸಿಟ್ಟಾಗಬ್ಯಾಡ್ರಿ. ಅದು ಯೂನುಮಿಯಾ ಅಲ್ರಿ, ಯುನೋಮಿಯಾ. ಗ್ರೀಕ್ ಅಂತ ಒಂದ ದೇಶ ಐತಿ, ಅಲ್ಲಿ ಹಳೇ ಕಾಲದ ಒಬ್ಬ ದೇವತಿ. ನನ್ನ ಪರೀಕ್ಷಾದಾಗ ಐತ್ರಿ."

"ದೇವತಿ ಅಂದ್ರ... ಹೆಂಗಸಾ?"

"ಹೌದ್ರಿ."

"ಗಡ್ಡಾ ಇಲ್ಲಾ?"

"ಇಲ್ರಿ ಚಾಚಿ."

ನರ್ಸಬಾಯಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಹಾಸಿಗೆಯಲ್ಲಿ ಜೀನತ್ ನಗಲು ಹೋಗಿ ಹೊಟ್ಟೆ ಹಿಡಿದುಕೊಂಡಳು. "ತೋಬಾ ತೋಬಾ!" ಎಂದು ಖತಿಜಾಬಿ ಕೆನ್ನೆ ಬಡಿದುಕೊಂಡಳು. "ದಿನಾ ಬಾಬಾ, ಬಾಬಾ ಅಂತ ಆ ಹೆಣ್ಮಗಳನ್ನ ಕರದೆನಲ್ಲೇ, ಏನ ತಿಳಕೊಂಡಿರಬೇಕ ಆಕಿ!" ಅವಳಿಗೂ ನಗು ತಡೆಯಲಾಗಲಿಲ್ಲ. ನಗುನಗುತ್ತಲೇ ಒಮ್ಮೆಲೆ ನಗು ನಿಲ್ಲಿಸಿದಳು. "ಗುರವ್ವಕ್ಕಾ, ನಿನಗ ಮೊದಲ ಗೊತ್ತಿತ್ತಾ?"

"ಮೊದಲನೇ ದಿನಾನ ಸಪ್ನಾ ಹೇಳಿದ್ಲು."

"ಮತ್ಯಾಕ ಬಾಯಿ ಬಿಡಲಿಲ್ಲ? ನಾ ನಿನಗ ಅಷ್ಟೆಲ್ಲ ಅಂದಿದ್ನಿ. ಓಣಿ ಮುಂದ ನನ್ನ ನಗೆಗೀಡ ಮಾಡಾಕ ಒಂದ ಮಾತ ಸಾಕಿತ್ತು."

ಗುರವ್ವ ಕೂಸಿನ ಕಡೆಗೇ ನೋಡುತ್ತ ಹೇಳಿದಳು. "ಹೇಳಿದ್ರ ನಗತಿದ್ರು. ನಕ್ಕ ಮ್ಯಾಲೆ ಯಾರ ಪಾಳಿ ನಿಲ್ಲತಿದ್ರು? ಪಾಳಿ ಮುರದ್ರ ನೀ ಎದಿ ಒಡಕೊಂಡ ಸಾಯತಿದ್ದಿ. ನಿನಗಷ್ಟ ಏನು ಖತಿಜಾ, ನನಗೂ ಕೂಸ ಬೇಕಾಗಿತ್ತು. ನಾಸಿರ ನನ್ನ ಮನ್ಯಾಗ ಆಡಿದಾಂವ."

ಯಾವ ದೇಶದವಳೋ ಯಾವ ಕಾಲದವಳೋ ಆ ಹೆಣ್ಣುಮಗಳು ಇದ್ದಳೋ ಇಲ್ಲವೋ, ಮೇಲಿನವನಿಗೇ ಗೊತ್ತು. ಆದರೆ ಕಟ್ಟೆಯ ಮೇಲೆ ಕೈ ಅಗಲಿಸಿ ನಿಂತವಳನ್ನು ಖತಿಜಾಬಿ ಕಣ್ಣಾರೆ ಕಂಡಿದ್ದಳು. ಇಷ್ಟು ದಿನ ಎಲ್ಲಿಗೋ ಕಳಿಸುತ್ತಿದ್ದ ಶುಕ್ರಿಯಾ ಎಲ್ಲ ಎದುರುಮನೆಗೆ ಸಲ್ಲಬೇಕಾದದ್ದು ಎಂದು ಈಗ ತಿಳಿಯಿತು.

ಖತಿಜಾಬಿಯವರ ಜನರಲ್ಲಿ ಒಂದು ಪದ್ಧತಿ. ಹುಟ್ಟಿದ ಕೂಸಿಗೆ ಹಾಲಿಗೂ ಮೊದಲು ಜೇನು ನೆಕ್ಕಿಸುತ್ತಾರೆ, ಅದಕ್ಕೆ ಘುಟ್ಟಿ ಅನ್ನುತ್ತಾರೆ. ಯಾರ ಬೆರಳಿನಿಂದ ಘುಟ್ಟಿಯೋ ಅವರ ಗುಣ ಕೂಸಿಗೆ ಬರುತ್ತದೆಂದು ನಂಬಿಕೆ, ಹಾಗಾಗಿ ಮನೆಯಲ್ಲಿ ಎಲ್ಲರೂ ಒಪ್ಪಿದ ಒಳ್ಳೆಯ ಮನುಷ್ಯರನ್ನೇ ಹುಡುಕುತ್ತಾರೆ. ಬುರಾನಸಾಬ ಜೇನಿನ ಬಟ್ಟಲು ಹಿಡಿದು ನಿಂತಿದ್ದ. ಖತಿಜಾಬಿ ಅದನ್ನು ಇಸಿದುಕೊಂಡು ಗುರವ್ವನ ಮುಂದಿಟ್ಟಳು.

"ನೀ ಹಾಕು."

ಗುರವ್ವ ಬೆಚ್ಚಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಬ್ಯಾಡವಾ. ಈ ಕೈ ಬ್ಯಾಡ. ಅವತ್ತ ಹುಡುಗಿನ್ನ ಹಿಡ್ಯಾಕ ಚಾಚಿದ್ನೋ, ನನ್ನ ಕೈ ತಾಗೇ ಬಿದ್ದಳೋ, ದೇವರ ಆಣಿ, ನನಗ ಇವತ್ತಿಗೂ ತಿಳಿದಿಲ್ಲ. ರಾತ್ರಿ ಎಲ್ಲಾ ಅದನ್ನ ನೆನಸತೇನಿ. ನಂದ ತಪ್ಪಿದ್ರೂ ಇದ್ದೀತು, ಖತಿಜಾ."

ಖತಿಜಾಬಿ ಅವಳ ಮುಂದೆ ನೆಲಕ್ಕೆ ಕೂತಳು. ಸೆರಗು ಸರಿಸಿ, ಒಕ್ಕಲುತನದಲ್ಲಿ ಬಿರುಸಾದ ಆ ಕೈಯನ್ನು ಎರಡೂ ಕೈಯಲ್ಲಿ ಹೊರಗೆ ತೆಗೆದಳು.

"ಹಂಗಾದ್ರ ಇದ ಕೈ ಬೇಕು" ಎಂದಳು.

ತಾನೇ ಅವಳ ಬೆರಳನ್ನು ಜೇನಿಗೆ ಅದ್ದಿ, ತಾನೇ ಹಿಡಿದು ಕೂಸಿನ ಬಾಯಿಗಿಟ್ಟಳು. ಕೂಸು ಅಳು ನಿಲ್ಲಿಸಿ ಚೀಪತೊಡಗಿತು. ಜೇನು ತೀರಿದ ಮೇಲೂ ಅದು ಬೆರಳು ಬಿಡಲಿಲ್ಲ, ಗುರವ್ವನೂ ತೆಗೆಯಲಿಲ್ಲ.